ಗ್ಲಾಸ್ ಇಡೋ ಜಾಗ, ಪುಸ್ತಕ ಇಡೋ ಜಾಗ: ಒಂದು ಪುಸ್ತಕದಂಗಡಿ-ಬಾರ್‌ನ ಮೊದಲ ಮೂರು ವರ್ಷ

ಅಂಗಡಿ ತೆರೆದು ಒಂದು ವರ್ಷ ತುಂಬಿದ ವಾರ ಗೆಳತಿ ನನ್ನ ಮುಂದೆ ಎರಡು ಹಾಳೆ ಇಟ್ಟರು. ಒಂದರಲ್ಲಿ ಆರು ತಿಂಗಳಲ್ಲಿ ಒಂದು ಪ್ರತಿಯೂ ಮಾರಾಟವಾಗದ ಪುಸ್ತಕಗಳ ಪಟ್ಟಿ ಇತ್ತು. ಒಟ್ಟು 640 ಶೀರ್ಷಿಕೆ. ಇನ್ನೊಂದು ಬಾರ್‌ನ ಲೆಕ್ಕ. ಅದು ತಿಂಗಳಿಂದ ತಿಂಗಳಿಗೆ ಏರುತ್ತಲೇ ಇತ್ತು. "ಪುಸ್ತಕ ಅರ್ಧ ಮಾಡಿ ಟೇಬಲ್ ಹಾಕಿಬಿಡೋಣ್ವಾ?" ಎಂದು ಕೇಳಿದರು. ಕೇಳುವಾಗ ಅವರ ಮುಖ ಚೆನ್ನಾಗಿರಲಿಲ್ಲ. ಪುಸ್ತಕಕ್ಕಾಗಿಯೇ ಹದಿನೇಳು ವರ್ಷದ ಕೆಲಸ ಬಿಟ್ಟು ಬಂದವರು ಅವರು.

ಈ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಸುಮಾರು ಮೂರು ತಿಂಗಳು ಹಿಡಿಯಿತು. ಆ ಹುಡುಕಾಟದ ಕಥೆ ಇದು. ಹೆಸರು, ಊರು ಬೇಡ ಎಂದು ಅವರು ಕೇಳಿಕೊಂಡಿದ್ದಾರೆ. ದುಡ್ಡಿನ ವಿಷಯವನ್ನೂ ನೂರರಲ್ಲಿ ಇಷ್ಟು ಪಾಲು ಎಂದಷ್ಟೇ ಹೇಳುತ್ತೇನೆ. ನಾನು ಪುಸ್ತಕ ವಿತರಣೆಯಲ್ಲಿ ಹನ್ನೊಂದು ವರ್ಷ ಇದ್ದೆ. ಅವರ ಅಂಗಡಿಗೆ ವಾರಕ್ಕೊಂದು ದಿನ ಲೆಕ್ಕ ನೋಡಲು ಹೋಗುತ್ತಿದ್ದೆ.

ಗೆಳತಿ ಇದ್ದದ್ದು ದೊಡ್ಡ ಆಸ್ಪತ್ರೆಯೊಂದರ ಔಷಧಿ ಸ್ಟೋರ್‌ನಲ್ಲಿ. ಯಾವ ಔಷಧಿ ಎಷ್ಟು ಉಳಿದಿದೆ, ಯಾವುದರ ಅವಧಿ ಮುಗಿಯುತ್ತಿದೆ, ಯಾವುದನ್ನು ಇವತ್ತೇ ತರಿಸಬೇಕು ಅನ್ನುವುದು ಅವರಿಗೆ ಬೆರಳ ತುದಿಯಲ್ಲಿತ್ತು. ಓಡುವ ಮಾಲು ಕೈಗೆ ಸಿಗುವ ಕಡೆ ಇರಬೇಕು, ಕೂತ ಮಾಲು ಹೊರಗೆ ಹೋಗಬೇಕು. ಆ ಕೆಲಸದ ಮೊದಲ ಪಾಠ ಅದು. ಈ ಪಾಠವೇ ಅಂಗಡಿಯ ಒಂದು ಭಾಗವನ್ನು ಕಾಪಾಡಿತು, ಇನ್ನೊಂದು ಭಾಗವನ್ನು ಹೆಚ್ಚುಕಡಿಮೆ ಕೊಂದೇಬಿಟ್ಟಿತ್ತು.

ಪುಸ್ತಕ ಮತ್ತು ಪಾನೀಯ ಒಂದೇ ಸೂರಿನಡಿ ಇರುವುದು ಹೊಸ ವಿಚಾರ ಏನಲ್ಲ. ವಾಷಿಂಗ್ಟನ್‌ನ ಕ್ರೇಮರ್‌ಬುಕ್ಸ್ 1976ರಲ್ಲೇ ಪುಸ್ತಕದಂಗಡಿಯ ಜೊತೆ ಕೆಫೆ ಸೇರಿಸಿತ್ತು. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಸಣ್ಣ ಊರಿನಲ್ಲಿ ಹಳೆಯ ಅಗ್ನಿಶಾಮಕ ಠಾಣೆಯೊಳಗೆ ಪುಸ್ತಕ ಮತ್ತು ಬಿಯರ್ ಮಾರುವ 'ಸ್ಪಾಟಿ ಡಾಗ್' ಇದೆ. ಕೆಲಸ ಬದಲಿಸಿ ಪುಸ್ತಕಕ್ಕೆ ಬಂದವರೂ ಇದ್ದಾರೆ. ಜೇಮ್ಸ್ ಡಾಂಟ್ ಬ್ಯಾಂಕ್ ಕೆಲಸ ಬಿಟ್ಟು 1990ರಲ್ಲಿ ಲಂಡನ್‌ನಲ್ಲಿ ತಮ್ಮ ಮೊದಲ ಪುಸ್ತಕದಂಗಡಿ ತೆರೆದರು. ಗೆಳತಿ ಇದನ್ನೆಲ್ಲ ಓದಿಕೊಂಡಿದ್ದರು. ಆದರೆ ಇಂಥ ಕಥೆಗಳಲ್ಲಿ ನೀರಿನ ಪೈಪು ಎಲ್ಲಿ ಹಾಕಬೇಕು ಅನ್ನುವುದು ಇರುವುದಿಲ್ಲ ಅಲ್ವಾ?

ಅಂಗಡಿಯ ಜಾಗ 1,400 ಚದರಡಿ. ಪುಸ್ತಕ 4,200 ಶೀರ್ಷಿಕೆ. ಹಿಂಭಾಗದಲ್ಲಿ 22 ಜನ ಕೂರುವ ಬಾರ್. ಇದ್ದ ದುಡ್ಡನ್ನು ಅವರು ಮೂರು ಸಮಪಾಲು ಮಾಡಿದ್ದರು. ಒಂದು ಪಾಲು ಪುಸ್ತಕಕ್ಕೆ, ಒಂದು ಒಳಗಿನ ಕಟ್ಟಡ ಕೆಲಸಕ್ಕೆ, ಒಂದು ಮೊದಲ ವರ್ಷದ ಖರ್ಚಿಗೆ. ಕಟ್ಟಡ ಕೆಲಸ ತನ್ನ ಪಾಲನ್ನು ಮೀರಿ ಮೂರನೆಯ ಪಾಲಿನ ಅರ್ಧವನ್ನೂ ತಿಂದಿತು. ಪುಸ್ತಕಕ್ಕೆ ಕಪಾಟು ಸಾಕು. ಬಾರ್‌ಗೆ ನೀರು, ಚರಂಡಿ, ತಂಪು ಪೆಟ್ಟಿಗೆ, ಗ್ಲಾಸ್ ತೊಳೆಯುವ ಯಂತ್ರ, ಅದಕ್ಕೆ ತಕ್ಕ ವಿದ್ಯುತ್ ಎಲ್ಲವೂ ಬೇಕು.

ಇನ್ನೊಂದು ತಪ್ಪು ದೊಡ್ಡದು. ಮದ್ಯ ಮಾರುವ ಲೈಸೆನ್ಸ್ ಕೈಗೆ ಬರುವ ಮೊದಲೇ ಬಾಡಿಗೆ ಕರಾರಿಗೆ ಸಹಿ ಹಾಕಿದರು. ಒಳ್ಳೆಯ ಜಾಗ ಕೈತಪ್ಪುತ್ತದೆ ಅನ್ನುವ ಭಯ ಇತ್ತು, ಅದು ನನಗೆ ಅರ್ಥವಾಗುತ್ತದೆ. ಅರ್ಜಿಯ ಜೊತೆ ಕೊಟ್ಟ ನಕ್ಷೆಯಲ್ಲಿ ಕಪಾಟು ಇದ್ದ ಕಡೆಯೇ ತುರ್ತು ಬಾಗಿಲು ಬೇಕು ಎಂದು ಅಧಿಕಾರಿಗಳು ಹೇಳಿದರು. ನಕ್ಷೆ ಬದಲಾಯಿತು, ಅರ್ಜಿ ಮತ್ತೆ ಮೊದಲಿನಿಂದ ಶುರುವಾಯಿತು. ಐದು ತಿಂಗಳು ಬಾರ್ ಇಲ್ಲದೆ ಬಾರ್‌ನ ಬಾಡಿಗೆ ಕಟ್ಟಿದರು. ಈ ದಾರಿಗೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಲೈಸೆನ್ಸ್ ಬಂದ ದಿನದಿಂದ ಬಾಡಿಗೆ ಶುರು, ಬಾರದಿದ್ದರೆ ಕರಾರು ರದ್ದು ಎಂದು ಬರೆಸಿಕೊಳ್ಳಿ. ಪೂರ್ತಿ ಒಪ್ಪದಿದ್ದರೆ ಆ ತಿಂಗಳುಗಳಿಗೆ ಅರ್ಧ ಬಾಡಿಗೆ ಕೇಳಿ. ಮಾಲೀಕರಲ್ಲಿ ಕೇಳಿದರೆ ಕೊಡುವವರು ಇದ್ದಾರೆ. ಗೆಳತಿ ಕೇಳಿರಲಿಲ್ಲ.

ಆ ಐದು ತಿಂಗಳಲ್ಲಿ ಕಾಫಿ ಮತ್ತು ಪುಸ್ತಕ ಮಾತ್ರ ಇತ್ತು. ದುಡ್ಡಿನ ಮಟ್ಟಿಗೆ ಅದು ಕಷ್ಟದ ಕಾಲ. ಆದರೆ ಪುಸ್ತಕ ಮಾರುವುದನ್ನು ಅವರು ಕಲಿತದ್ದು ಆಗಲೇ. ಬಂದವರು ಏನು ಕೇಳುತ್ತಾರೆ, ಯಾವ ಕಪಾಟಿನ ಮುಂದೆ ನಿಲ್ಲುತ್ತಾರೆ, ಯಾವ ಪುಸ್ತಕವನ್ನು ಎತ್ತಿ ಮತ್ತೆ ಇಡುತ್ತಾರೆ ಎಂದು ದಿನಾ ನೋಡಿದರು. ಅಂಗಡಿಯಲ್ಲಿ ಇಲ್ಲದ್ದನ್ನು ಯಾರಾದರೂ ಕೇಳಿದರೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಿದ್ದರು. ಆ ಡಬ್ಬಿ ಇವತ್ತಿಗೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ.

ಆಮೇಲೆ ಬಾರ್ ತೆರೆಯಿತು. ಆಸ್ಪತ್ರೆಯಲ್ಲಿ ಕಲಿತದ್ದು ಅಲ್ಲಿ ನೇರವಾಗಿ ಕೆಲಸಕ್ಕೆ ಬಂತು. ಒಂದು ಉದಾಹರಣೆ ಕೊಡುತ್ತೇನೆ. ಒಂದು ವೈನ್ ಬಾಟಲಿ 750 ಮಿಲಿಲೀಟರ್. ಗ್ಲಾಸಿಗೆ 150 ಹಾಕಿದರೆ ಐದು ಗ್ಲಾಸ್. ಧಾರಾಳವಾಗಿ 180 ಹಾಕಿದರೆ ನಾಲ್ಕೇ. ಬರೀ 30 ಮಿಲಿ ಜಾಸ್ತಿ ಹಾಕಿದ್ದಕ್ಕೆ ಐದರಲ್ಲೊಂದು ಗ್ಲಾಸಿನ ದುಡ್ಡು ಹೋಗುತ್ತದೆ. ಮೊದಲ ವಾರವೇ ಗೆಳತಿ ಇದನ್ನು ಹಿಡಿದು ಅಳತೆಯ ಪಾತ್ರೆ ತರಿಸಿದರು. ತೆರೆದ ವೈನ್ ಮೂರರಿಂದ ಐದು ದಿನಕ್ಕೆ ರುಚಿ ಕೆಡುತ್ತದೆ, ಆದ್ದರಿಂದ ಪ್ರತಿ ಬಾಟಲಿಗೂ ತೆರೆದ ದಿನದ ಚೀಟಿ ಅಂಟಿಸಿದರು. ಹದಿನಾಲ್ಕು ಬಗೆಯ ವೈನ್ ಇಡಬೇಕು ಎಂದು ಸಲಹೆ ಬಂದಿತ್ತು. ಅವರು ಆರೇ ಇಟ್ಟರು. ಔಷಧಿ ಕಪಾಟಿನ ಶಿಸ್ತು ಬಾರ್‌ಗೆ ಸರಿಯಾಗಿ ಹೊಂದಿತು.

ಅದೇ ಕಣ್ಣಿನಿಂದ ಪುಸ್ತಕದ ಕಪಾಟು ನೋಡಿದಾಗ ತೊಂದರೆ ಶುರುವಾಯಿತು. ನೂರಕ್ಕೆ ಮಾರುವ ಪುಸ್ತಕದಲ್ಲಿ ಅಂಗಡಿಗೆ ಸುಮಾರು 40 ಸಿಗುತ್ತದೆ. ಬಾರ್‌ನಲ್ಲಿ ನೂರಕ್ಕೆ ಮಾರಿದರೆ ಮಾಲಿನ ಖರ್ಚು 20ರಿಂದ 30, ಉಳಿದದ್ದು ಅಂಗಡಿಗೆ. ಬಾರ್‌ನ ಮಾಲು ಕೆಲವೇ ವಾರದಲ್ಲಿ ಓಡಿ ಹೊಸದು ಬರುತ್ತದೆ. ಪುಸ್ತಕದ ದಾಸ್ತಾನು ಚೆನ್ನಾಗಿ ನಡೆಯುವ ಅಂಗಡಿಯಲ್ಲೂ ವರ್ಷಕ್ಕೆ ಕೆಲವೇ ಸಲ ಹೀಗೆ ಮಾರಿ ಹೊಸದಾಗುತ್ತದೆ. ಔಷಧಿ ಸ್ಟೋರ್‌ನವರ ಕಣ್ಣಿಗೆ ಇದು ರೋಗದ ಲಕ್ಷಣ. 640ರ ಪಟ್ಟಿ ಹುಟ್ಟಿದ್ದು ಹೀಗೆ.

ನಾನು ಒಪ್ಪಲಿಲ್ಲ. ಆದರೆ ಪುಸ್ತಕದ ಮೇಲಿನ ಪ್ರೀತಿಯಿಂದ ಒಪ್ಪದೆ ಇರುವುದು ಬೇರೆ, ಲೆಕ್ಕದಿಂದ ತೋರಿಸುವುದು ಬೇರೆ. ಅವರಿಗೆ ಲೆಕ್ಕ ಬೇಕಿತ್ತು. ಅದು ನ್ಯಾಯವೇ.

ಮೊದಲು ಎರಡೂ ವ್ಯಾಪಾರದ ಲೆಕ್ಕ ಬೇರೆ ಮಾಡಿದೆವು. ಅದುವರೆಗೆ ಬಾಡಿಗೆ, ಸಂಬಳ, ವಿದ್ಯುತ್ ಎಲ್ಲವನ್ನೂ ಮಾರಾಟದ ಪ್ರಮಾಣದಲ್ಲಿ ಹಂಚಿದ್ದರು. ಅದರ ಬದಲು ಜಾಗ ಮತ್ತು ಹೊತ್ತು ಲೆಕ್ಕ ಹಾಕಿದೆವು. ಯಾವುದು ಎಷ್ಟು ಚದರಡಿಯನ್ನು ಎಷ್ಟು ಗಂಟೆ ಬಳಸುತ್ತದೆ? ರಾತ್ರಿ ಹನ್ನೊಂದರವರೆಗಿನ ಸಂಬಳ ಯಾರದ್ದು? ಒಡೆದ ಗ್ಲಾಸು, ಲೈಸೆನ್ಸ್ ಶುಲ್ಕ, ಬಾರ್ ಇದೆ ಅನ್ನುವ ಕಾರಣಕ್ಕೆ ಏರಿದ ವಿಮೆ, ಮುಚ್ಚಿದ ಮೇಲಿನ ಸ್ವಚ್ಛತೆ ಎಲ್ಲವನ್ನೂ ಅದರದರ ತಲೆಗೆ ಹಾಕಿದೆವು. ಮೇಲುನೋಟಕ್ಕೆ ನೂರರಲ್ಲಿ 75 ಉಳಿಯುತ್ತಿದ್ದ ಬಾರ್‌ನಲ್ಲಿ ಕೊನೆಗೆ ಕೈಗೆ ಬಂದದ್ದು 11. ಪುಸ್ತಕದಲ್ಲಿ 1. ಬಾರ್ ಮುಂದೆಯೇ ಇತ್ತು, ಆದರೆ ಅಂತರ ಅವರು ಅಂದುಕೊಂಡಷ್ಟು ಇರಲಿಲ್ಲ.

ಆಮೇಲೆ ಆರು ವಾರ ಪ್ರತಿಯೊಂದು ಬಿಲ್ಲಿನ ಮೇಲೂ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆವು. ಗಿರಾಕಿ ಮೊದಲು ಕಪಾಟಿಗೆ ಹೋದರೇ, ಟೇಬಲ್ಲಿಗೆ ಹೋದರೇ? ಪುಸ್ತಕ ಕೊಂಡದ್ದು ಗ್ಲಾಸಿಗೆ ಮೊದಲೋ, ಆಮೇಲೋ? ಅಂಗಡಿಯ ಇಬ್ಬರು ಹುಡುಗರು ಇದನ್ನು ಬೇಸರವಿಲ್ಲದೆ ಮಾಡಿದರು. ನನಗೆ ಅವರ ಮೇಲೆ ಇವತ್ತಿಗೂ ಗೌರವ ಇದೆ.

ಮೂರು ವಿಷಯ ಕಂಡವು. ಎರಡನೆಯ ಗ್ಲಾಸ್ ಆದ ಮೇಲೆ ಹೆಚ್ಚುಕಡಿಮೆ ಯಾರೂ ಪುಸ್ತಕ ಕೊಳ್ಳುವುದಿಲ್ಲ. ಕೊಳ್ಳುವವರು ಬಂದ ಮೊದಲ ಅರ್ಧ ಗಂಟೆಯಲ್ಲಿ ಕೊಳ್ಳುತ್ತಾರೆ, ಆಮೇಲೆ ಆ ಪುಸ್ತಕವನ್ನೇ ಹಿಡಿದು ಟೇಬಲ್ಲಿಗೆ ಹೋಗುತ್ತಾರೆ. ಮೂರನೆಯದು ಮುಖ್ಯ. ಪುಸ್ತಕದ ಚರ್ಚೆ ಇದ್ದ ಸಂಜೆ ಬಾರ್‌ನ ಮಾರಾಟ ಬೇರೆ ಸಂಜೆಯ ಎರಡರಷ್ಟು. ಏನೂ ಇಲ್ಲದ ಸಂಜೆ ಅದು ಒಂದು ಸಾಧಾರಣ ಬಾರ್, ಪಕ್ಕದ ಬೀದಿಯಲ್ಲಿ ಅದಕ್ಕಿಂತ ಅಗ್ಗದ್ದು ಎರಡಿವೆ. ಬಾರ್ ಪುಸ್ತಕವನ್ನು ಸಾಕುತ್ತಿದೆ ಎಂದು ಹಾಳೆ ಹೇಳುತ್ತಿತ್ತು. ಬಾರ್‌ಗೆ ಜನರನ್ನು ಕರೆತರುತ್ತಿದ್ದದ್ದು ಪುಸ್ತಕ.

ಮನೆ ಒಂದು, ಕೆಲಸದ ಜಾಗ ಎರಡು, ಇವೆರಡೂ ಅಲ್ಲದ, ಸುಮ್ನೆ ಹೋಗಿ ಕೂರಬಹುದಾದ ಜಾಗ ಮೂರನೆಯದು ಎಂದು ರೇ ಓಲ್ಡನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು 1989ರಲ್ಲಿ ಬರೆದಿದ್ದರು. ಪುಸ್ತಕದಂಗಡಿ-ಬಾರ್ ತೆರೆಯುವವರೆಲ್ಲ ಈ ಮಾತನ್ನು ಹಿಡಿದುಕೊಳ್ಳುತ್ತಾರೆ. ಗೆಳತಿಯ ಅಂಗಡಿಯ ಮಟ್ಟಿಗೆ ಆ ಮಾತು ನಿಜ. ಒಬ್ಬರೇ ಬಂದು ಒಂದು ಗ್ಲಾಸ್ ಹಿಡಿದು ಎರಡು ಗಂಟೆ ಓದುವವರಿಗೆ ಬೇರೆ ಬಾರ್‌ನಲ್ಲಿ ನೆಮ್ಮದಿ ಇಲ್ಲ. ಪುಸ್ತಕ ಕೈಯಲ್ಲಿದ್ದರೆ ಒಬ್ಬರೇ ಕೂತದ್ದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಸಂಜೆ ಒಂಟಿಯಾಗಿ ಬರುವ ಹೆಂಗಸರು ಹಲವರು ಈ ಮಾತನ್ನು ನನಗೆ ಹೇಳಿದ್ದಾರೆ. ಕಪಾಟು ಅರ್ಧವಾಗಿದ್ದರೆ ಅವರು ಬರುತ್ತಿರಲಿಲ್ಲ.

ಇಷ್ಟಾದರೂ ಗೆಳತಿಯ ಪ್ರಶ್ನೆ ಪೂರ್ತಿ ತಪ್ಪಾಗಿರಲಿಲ್ಲ. 640 ಶೀರ್ಷಿಕೆಯಲ್ಲಿ ದುಡ್ಡು ಕೂತಿತ್ತು. ಅದರಲ್ಲಿ ಒಂದಷ್ಟನ್ನು ವಿತರಕರಿಗೆ ವಾಪಸ್ ಕಳಿಸೋಣ ಎಂದು ಮೊದಲ ಕಂತಿನ ಪೆಟ್ಟಿಗೆ ಕಟ್ಟಿದೆವು. ಆಗ ನಮಗೆ ಗೊತ್ತೇ ಇರದಿದ್ದ ಒಂದು ತೂತು ಕಂಡಿತು.

ಪುಸ್ತಕ ವ್ಯಾಪಾರದಲ್ಲಿ ಮಾರದ ಪ್ರತಿಯನ್ನು ಹಿಂದಿರುಗಿಸುವ ಅವಕಾಶ ಇದೆ. ಅಮೆರಿಕದಲ್ಲಿ ಇದು ಬೇರೂರಿದ್ದು 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಅಂಗಡಿಗಳು ಹೊಸ ಪುಸ್ತಕ ತರಿಸಲು ಹೆದರುತ್ತಿದ್ದಾಗ ಪ್ರಕಾಶಕರು ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಧೈರ್ಯ ಕೊಟ್ಟರು. ಸಣ್ಣ ಅಂಗಡಿಗೆ ಇದು ದೊಡ್ಡ ಆಸರೆ. ಆದರೆ ಅವಧಿಯೊಳಗೆ ಕಳಿಸಬೇಕು, ಪ್ರತಿ ಹೊಸದರಂತೆ ಇರಬೇಕು. ನಾವು ಕಳಿಸಿದ ಪೆಟ್ಟಿಗೆಯಲ್ಲಿ 58 ಪ್ರತಿ ತಿರುಗಿ ಬಂದವು. ಹೊದಿಕೆಯ ಮೇಲೆ ಗ್ಲಾಸಿನ ದುಂಡನೆಯ ಕಲೆ, ಉಬ್ಬಿದ ಮೂಲೆ, ಒದ್ದೆ ಬೆರಳಿನ ಗುರುತು. ವಿತರಕರ ಮೇಲೆ ಸಿಟ್ಟು ಬರಲಿಲ್ಲ, ಅವರು ಮಾಡಿದ್ದು ಸರಿ. ಆ 58 ಪ್ರತಿಯ ಬೆಲೆ ಬಾರ್‌ನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಅದು ಪುಸ್ತಕದ ನಷ್ಟವಾಗಿ ಕಾಣುತ್ತಿತ್ತು. ಆದರೆ ಅದು ಆದದ್ದು ಬಾರ್‌ನಿಂದ.

ಅವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಗೆಳತಿ ಒಂದು ಕುರ್ಚಿಯಲ್ಲಿ ಕೂತು ಕೈ ಚಾಚಿದರು. ಎಲ್ಲಿಯವರೆಗೆ ತಲುಪುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಹೀಗೆ 22 ಕುರ್ಚಿಗೂ ಮಾಡಿದರು. ಆ ಗೆರೆಯೊಳಗೆ ಬಂದ ಕಪಾಟುಗಳಿಂದ ಹೊಸ ಪುಸ್ತಕ ತೆಗೆದು ಹಳೆಯ, ಓದಿದ ಪುಸ್ತಕ ಇಟ್ಟರು. ಹಳೆಯ ಪುಸ್ತಕವನ್ನು ಪೂರ್ತಿ ದುಡ್ಡು ಕೊಟ್ಟೇ ಕೊಂಡಿರುತ್ತೇವೆ, ಹಿಂದಿರುಗಿಸುವ ಮಾತೇ ಇಲ್ಲ. ಕಲೆಯಾದರೂ ಕಡಿಮೆ ನಷ್ಟ. ಹೊಸ ಪುಸ್ತಕ ಎಲ್ಲ ಬಾಗಿಲಿನ ಕಡೆಗೆ ಬಂತು. ಬಂದವರು ಅರ್ಧ ಗಂಟೆ ತಿರುಗುವುದೂ ಅಲ್ಲಿಯೇ ಅಲ್ವಾ? ಎರಡೂ ಕೆಲಸ ಒಂದೇ ಸಲ ಆಯಿತು. ಇಡೀ ಮೂರು ವರ್ಷದಲ್ಲಿ ನಾನು ಕಂಡ ಅತ್ಯಂತ ಒಳ್ಳೆಯ ನಿರ್ಧಾರ ಇದು. ಇದಕ್ಕೆ ಖರ್ಚಾದದ್ದು ಒಂದು ರಾತ್ರಿಯ ನಿದ್ದೆ.

ಹಾಗೆಯೇ ತೇವದ ವಿಷಯ. ಗ್ಲಾಸ್ ತೊಳೆಯುವ ಯಂತ್ರದ ಬಾಗಿಲು ತೆಗೆದಾಗಲೆಲ್ಲ ಬಿಸಿ ಆವಿ ಹಿಂದಿನ ಗೋಡೆಗೆ ಬಡಿಯುತ್ತಿತ್ತು. ಗೋಡೆಯ ಆ ಬದಿಗೆ ಚಿತ್ರಕಲೆಯ ಪುಸ್ತಕಗಳು. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯುವ ಅಪಾಯ ಶುರುವಾಗುತ್ತದೆ. ಸಣ್ಣ ಮಾಪಕ ಇಟ್ಟು ನೋಡಿದರೆ 71 ಇತ್ತು. ಔಷಧಿ ಸ್ಟೋರ್‌ನಲ್ಲಿ ತಾಪ, ತೇವ ದಿನಕ್ಕೆ ಎರಡು ಸಲ ಬರೆದವರು ಇದನ್ನು ಒಂದು ವರ್ಷ ನೋಡಲಿಲ್ಲ ಎಂದು ಗೆಳತಿ ಬಹಳ ನೊಂದುಕೊಂಡರು. ಆವಿ ಹೊರಹಾಕುವ ಫ್ಯಾನ್ ಹಾಕಿಸಿದರು. ಈಗ ಮಾಪಕದ ಪಕ್ಕ ಒಂದು ಪುಸ್ತಿಕೆ ತೂಗುತ್ತದೆ, ದಿನಕ್ಕೆ ಎರಡು ಸಲ ಬರೆಯುತ್ತಾರೆ.

ಇನ್ನು ಆ 640. ಪಟ್ಟಿಯನ್ನು ಕಂಪ್ಯೂಟರ್ ಮುಂದೆ ಕೂತು ನೋಡುವುದು ಬೇಡ, ಕಪಾಟಿನ ಮುಂದೆ ನಿಂತು ನೋಡೋಣ ಎಂದೆ. ನಾಲ್ಕು ಭಾನುವಾರ ಬೆಳಿಗ್ಗೆ ಹಾಗೆ ನಿಂತೆವು. ಒಂದೊಂದು ಪುಸ್ತಕಕ್ಕೂ ಒಂದೇ ಪ್ರಶ್ನೆ. ಇದು ಇಲ್ಲಿ ಯಾಕಿದೆ? ಕೆಲವಕ್ಕೆ ಉತ್ತರ ಸುಲಭ. ವಿತರಕರ ಪ್ರತಿನಿಧಿ ಓಡುತ್ತೆ ಎಂದಿದ್ದರು, ಓಡಲಿಲ್ಲ. ಆದರೆ ಬೇರೆ ಕೆಲವು ಪುಸ್ತಕ ವರ್ಷಕ್ಕೆ ಒಂದೇ ಪ್ರತಿ ಹೋಗುತ್ತದೆ, ಅದಿರುವುದರಿಂದ ಅಕ್ಕಪಕ್ಕದ ಐದು ಹೋಗುತ್ತವೆ. ಕವಿತೆಯ ಕಪಾಟಿನಲ್ಲಿ ಬರೀ ಓಡುವ ನಾಲ್ಕು ಸಂಕಲನ ಇಟ್ಟರೆ ಕವಿತೆ ಓದುವವರು ಆ ಕಪಾಟಿಗೆ ಮತ್ತೆ ಬರುವುದಿಲ್ಲ. ಔಷಧಿ ಅವಧಿ ಮುಗಿದರೆ ಕಪಾಟಿನಿಂದ ತೆಗೆಯಲೇಬೇಕು. ಪುಸ್ತಕಕ್ಕೆ ಹಾಗೆ ಅವಧಿ ಇಲ್ಲ. ಈ ವ್ಯತ್ಯಾಸ ಬಾಯಲ್ಲಿ ಹೇಳಲು ಸುಲಭ. ಹದಿನೇಳು ವರ್ಷದ ಅಭ್ಯಾಸ ಇರುವವರ ಕೈಗೆ ಅದು ಇಳಿಯಲು ನಾಲ್ಕು ಭಾನುವಾರ ಬೇಕಾಯಿತು.

ಜೇಮ್ಸ್ ಡಾಂಟ್ 2011ರಲ್ಲಿ ಬ್ರಿಟನ್‌ನ ವಾಟರ್‌ಸ್ಟೋನ್ಸ್ ಪುಸ್ತಕದಂಗಡಿ ಸರಪಳಿಯ ಹೊಣೆ ಹೊತ್ತಾಗ ಮಾಡಿದ್ದು ನಮಗೆ ನೆರವಾಯಿತು. ಮುಂದಿನ ಟೇಬಲ್ ಮೇಲೆ ಪುಸ್ತಕ ಇಡಲು ಪ್ರಕಾಶಕರು ಕೊಡುತ್ತಿದ್ದ ದುಡ್ಡನ್ನು ಅವರು ನಿಲ್ಲಿಸಿದರು, ಯಾವ ಪುಸ್ತಕ ಬೇಕೆಂದು ಆಯಾ ಅಂಗಡಿಯವರೇ ತೀರ್ಮಾನಿಸಲಿ ಎಂದರು. ಹಿಂದಿರುಗುವ ಪುಸ್ತಕ ಬಹಳ ಕಡಿಮೆಯಾಯಿತು. ಗೆಳತಿಯೂ ಪ್ರತಿನಿಧಿಯ ಪಟ್ಟಿಗಿಂತ ಡಬ್ಬಿಯ ಚೀಟಿಗಳನ್ನು ನಂಬಲು ಶುರುಮಾಡಿದರು.

ಕೊನೆಗೆ 640ರಲ್ಲಿ 290 ವಾಪಸ್ ಹೋದವು. 110 ಹಳೆಯ ಪುಸ್ತಕದ ಕಪಾಟಿಗೆ, ಕಡಿಮೆ ಬೆಲೆಗೆ. 240 ಉಳಿದವು. ಟೇಬಲ್ ಒಂದೂ ಹೆಚ್ಚಾಗಲಿಲ್ಲ.

ರಿಯಾಯಿತಿಯ ಬಗ್ಗೆ ಒಂದು ಮಾತು. ಅಂತರ್ಜಾಲದ ದೊಡ್ಡ ಅಂಗಡಿಗಳ ಬೆಲೆಗೆ ಸಣ್ಣ ಅಂಗಡಿ ಇಳಿಯಲಾಗದು. ಫ್ರಾನ್ಸ್‌ನಲ್ಲಿ 1981ರ ಕಾನೂನಿನಿಂದ ಹೊಸ ಪುಸ್ತಕಕ್ಕೆ ನೂರಕ್ಕೆ 5ಕ್ಕಿಂತ ಹೆಚ್ಚು ರಿಯಾಯಿತಿ ಇಲ್ಲ. ಅಂಥ ಕಾನೂನು ಇಲ್ಲದ ಕಡೆ 40ರ ಪಾಲಿನಲ್ಲಿ 20 ಬಿಟ್ಟುಕೊಟ್ಟರೆ ಬಾಡಿಗೆಗೆ ಏನೂ ಉಳಿಯುವುದಿಲ್ಲ. ಪುಸ್ತಕದ ಜೊತೆ ಒಂದು ಗ್ಲಾಸ್ ಉಚಿತ ಎಂಬ ಯೋಜನೆಯನ್ನೂ ಗೆಳತಿ ಬೇಡ ಎಂದರು. ಪುಸ್ತಕ ಕೊಂಡವರಿಗೆಲ್ಲ ಮದ್ಯ ಬೇಕಿರುವುದಿಲ್ಲ.

ಮದ್ಯದ ಹೊಣೆಯ ಬಗ್ಗೆ ಅವರಷ್ಟು ಯೋಚಿಸಿದವರನ್ನು ನಾನು ನೋಡಿಲ್ಲ. ಒಬ್ಬ ಗಿರಾಕಿ ದಿನಾ ಸಂಜೆ ಬಂದು ಅದೇ ಮೂಲೆಯಲ್ಲಿ ಕೂರುತ್ತಿದ್ದರು. ಮೊದಲು ಒಂದು ಗ್ಲಾಸ್, ಆಮೇಲೆ ಎರಡು, ಕೆಲವು ತಿಂಗಳಲ್ಲಿ ನಾಲ್ಕು. ಪುಸ್ತಕದ ಪುಟ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಗೆಳತಿ ಒಂದು ದಿನ ಅವರ ಎದುರು ಕೂತು ಮೆಲ್ಲಗೆ ಹೇಳಿದರು: "ನೀವು ಬರೋದು ನನಗೆ ಖುಷಿ. ಆದರೆ ಇವತ್ತಿಂದ ನಿಮಗೆ ಇಲ್ಲಿ ಎರಡೇ ಗ್ಲಾಸ್. ಆಮೇಲೆ ಕಾಫಿ ನನ್ನ ಲೆಕ್ಕದಲ್ಲಿ." ಅವರು ಒಂದು ತಿಂಗಳು ಬರಲಿಲ್ಲ. ಆಮೇಲೆ ಬಂದರು, ಈಗ ಮಧ್ಯಾಹ್ನವೇ ಬಂದು ಓದಿ ಹೋಗುತ್ತಾರೆ. ಬಾರ್ ನಡೆಸುವವರಿಗೆ ಇದೂ ಕೆಲಸದ ಭಾಗ. ಅದಕ್ಕೆ ಲೆಕ್ಕದಲ್ಲಿ ಜಾಗ ಇಲ್ಲದಿದ್ದರೂ.

ಅವರ ಸ್ವಂತ ಬದುಕಿನ ಲೆಕ್ಕವನ್ನೂ ಹೇಳಬೇಕು. ಇಪ್ಪತ್ತು ತಿಂಗಳು ಅವರು ಸಂಬಳ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಪುಸ್ತಕದಂಗಡಿ, ರಾತ್ರಿ ಹನ್ನೊಂದಕ್ಕೆ ಬಾರ್ ಮುಚ್ಚುವುದು. ಒಬ್ಬರ ದೇಹ ಎರಡು ಪಾಳಿ ಎಷ್ಟು ದಿನ ತಡೆಯುತ್ತದೆ? ಎರಡನೆಯ ವರ್ಷದ ಮಧ್ಯದಲ್ಲಿ ಅವರು ಎಂಟು ದಿನ ಹಾಸಿಗೆ ಹಿಡಿದರು. ಎದ್ದ ಮೇಲೆ ಅನುಭವ ಇರುವ ಒಬ್ಬರನ್ನು ಬಾರ್‌ಗೆ ನೇಮಿಸಿ ಪೂರ್ತಿ ಹೊಣೆ ಕೊಟ್ಟರು, ಸೋಮವಾರ ರಜೆ ಮಾಡಿದರು. ಲಾಭ ಸ್ವಲ್ಪ ಇಳಿಯಿತು. ಇದನ್ನು ಮೊದಲ ವರ್ಷವೇ ಮಾಡಬೇಕಿತ್ತು ಎಂದು ನಾನು ನಂಬುತ್ತೇನೆ. ಮೂರನೆಯ ವರ್ಷ ಅವರು ತೆಗೆದುಕೊಂಡ ಸಂಬಳ ಆಸ್ಪತ್ರೆಯ ಸಂಬಳದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹೊಸ ದಾರಿ ಹಿಡಿಯುವವರು ಮನೆಯವರ ಜೊತೆ ಈ ಸಂಖ್ಯೆಯನ್ನು ಮೊದಲೇ ಮಾತಾಡಿಕೊಳ್ಳಲಿ.

ಕಳೆದ ತಿಂಗಳು ಅಂಗಡಿಗೆ ಹೋದಾಗ ಉಳಿಸಿಕೊಂಡ 240 ಏನಾದವು ಎಂದು ಕೇಳಿದೆ. ಗೆಳತಿ ಪಟ್ಟಿ ತೆಗೆದರು. ಅವರು ಪಟ್ಟಿ ಮಾಡುವುದನ್ನು ಬಿಟ್ಟಿಲ್ಲ, ಬಿಡಬಾರದು ಕೂಡ. 151 ಶೀರ್ಷಿಕೆ ಆಮೇಲಿನ ಒಂದು ವರ್ಷದಲ್ಲಿ ಕನಿಷ್ಠ ಒಂದು ಪ್ರತಿ ಹೋಗಿತ್ತು. ಉಳಿದ 89ರಲ್ಲಿ 58 ತೆಗೆದಿದ್ದರು, 31 ಇಟ್ಟುಕೊಂಡಿದ್ದರು. ಆ 31ಕ್ಕೂ ಒಂದೊಂದು ಚೀಟಿ ಇತ್ತು, ಔಷಧಿ ಡಬ್ಬಿಗೆ ಅಂಟಿಸುವಂಥ ಬಿಳಿ ಚೀಟಿ. ಅವಧಿ ಬರೆಯುವ ಜಾಗದಲ್ಲಿ ಕಾರಣ ಬರೆದಿದ್ದರು. ಒಂದರ ಮೇಲೆ ಹೀಗಿತ್ತು: "ಇದನ್ನು ಕೇಳಿಕೊಂಡು ವರ್ಷಕ್ಕೆ ಒಬ್ಬರು ಬರುತ್ತಾರೆ. ಈ ವರ್ಷದವರು ಇನ್ನೂ ಬಂದಿಲ್ಲ."